‘ಆಗುವುದಿಲ್ಲ’ ಎನ್ನಲು ಕಲಿತು ಹೋಗಿ: ಸ್ಟುಟ್‌ಗಾರ್ಟ್‌ಗೆ ಹೊರಟವರಿಗೊಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ, ಗೆಳತಿಯರೇ,

ಆಡುಗೋಡಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಂದ ಮೂರು ವಾರಕ್ಕೋ ಮೂರು ತಿಂಗಳಿಗೋ ಸ್ಟುಟ್‌ಗಾರ್ಟ್ ಕಡೆಗೆ ಹೊರಡುವ ಎಂಜಿನಿಯರುಗಳು ನೀವು. ಪೀಣ್ಯದ ಶೆಡ್ಡಿಗೊಂದು ಒಳ್ಳೆಯ ಗ್ರೈಂಡಿಂಗ್ ಯಂತ್ರ ಬೇಕೆಂದು ಅಲ್ಲಿನ ಮೇಳಗಳಿಗೆ ಹೋಗುವ ಸಣ್ಣ ಉದ್ಯಮಿಗಳೂ ನೀವೇ. ನಿಮ್ಮ ಮತ್ತು ಅವರ ನಡುವೆ ಕುಳಿತು ಈಚಿನ ಮಾತನ್ನು ಆಚೆಗೆ, ಆಚಿನ ಮಾತನ್ನು ಈಚೆಗೆ ದಾಟಿಸುವುದು ನನ್ನ ಕೆಲಸ. ಆ ಕುರ್ಚಿಯಲ್ಲಿ ಕುಳಿತಾಗ ಕಂಡದ್ದನ್ನು ನಿಮಗೆಲ್ಲ ಒಟ್ಟಿಗೆ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಹೊರಡುವ ಮುನ್ನ ನಿಮ್ಮ ಕೈಗೆ ಹಲವು ಪಟ್ಟಿಗಳು ಬರುತ್ತವೆ. ವೀಸಾದ ಕಾಗದಗಳು, ವಿಮೆ, 180 ದಿನಗಳಲ್ಲಿ 90 ದಿನ ಮೀರಕೂಡದೆಂಬ ಷೆಂಗೆನ್ ನಿಯಮ, ದಪ್ಪ ಜಾಕೆಟ್ಟು, ಮನೆಯವರು ಕಟ್ಟಿಕೊಡುವ ಚಟ್ನಿಪುಡಿ. ನೀವು ಆಡಿದ ಮಾತು ಅವರ ಕಿವಿಗೆ ಹೇಗೆ ಬೀಳುತ್ತದೆ, ಅವರ ಮಾತನ್ನು ನೀವು ಹೇಗೆ ಕೇಳಿಸಿಕೊಳ್ಳಬೇಕು ಎಂಬುದು ಮಾತ್ರ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕೆಲಸದ ಜ್ಞಾನದಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ. ಅದು ಅವರಿಗೂ ಗೊತ್ತು. ಆದರೂ ಕೆಲಸ ಕೆಡುತ್ತದೆ, ಮನಸ್ಸೂ ಕೆಡುತ್ತದೆ. ಬಹಳ ಸಲ ಅದು ಕೆಡುವುದು ಮಾತಿನಲ್ಲಿ.

ಒಂದು ಸಭೆಯ ಸಂಗತಿ ಹೇಳುತ್ತೇನೆ. ಕಂಪನಿಯ ಹೆಸರು ಬೇಡ, ಯಾವ ಕಂಪನಿಯಲ್ಲಾದರೂ ನಡೆಯುವಂಥದ್ದು. ನಿಗದಿಯಾದ ವಾರದೊಳಗೆ ಪರೀಕ್ಷೆ ಮುಗಿಯುತ್ತದೆಯೇ ಎಂದು ಜರ್ಮನ್ ಯೋಜನಾ ಮುಖ್ಯಸ್ಥರು ಕೇಳಿದರು. ಬಿಡಿಭಾಗಗಳು ಇನ್ನೂ ಕಸ್ಟಮ್ಸ್‌ನಲ್ಲೇ ಇವೆ, ಆಗುವ ಮಾತಲ್ಲ ಎಂದು ನಮ್ಮ ತಂಡದ ನಾಯಕರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎದುರಿಗೆ ಹಿರಿಯರು, ಸುತ್ತ ಹತ್ತು ಮಂದಿ. ತಲೆಯಾಡಿಸಿ, ಪ್ರಯತ್ನ ಮಾಡುತ್ತೇವೆ ಎಂದರು. ಪಕ್ಕದಲ್ಲಿದ್ದ ನಮ್ಮವರಿಗೆಲ್ಲ ಅದರ ಅರ್ಥ ಆ ಕ್ಷಣವೇ ಆಯಿತು: ಕಷ್ಟವಿದೆ, ಎಲ್ಲರೆದುರು ಹೇಳಲಾಗುತ್ತಿಲ್ಲ. ಆಚೆ ಬದಿಯಲ್ಲಿ ಕುಳಿತವರು ಸಭೆಯ ನಡಾವಳಿಯಲ್ಲಿ ‘ಬೆಂಗಳೂರು ತಂಡ ಮುಗಿಸಿಕೊಡುತ್ತದೆ’ ಎಂದು ಬರೆದುಕೊಂಡರು. ಆ ಒಂದು ಸಾಲನ್ನು ನಂಬಿ ಪರೀಕ್ಷಾ ಪಥವನ್ನು ಕಾದಿರಿಸಿದರು, ಚಾಲಕರನ್ನು ಗೊತ್ತುಮಾಡಿದರು, ಮತ್ತೊಬ್ಬ ಪೂರೈಕೆದಾರನಿಗೆ ದಿನ ಕೊಟ್ಟರು. ಕೊನೆಯ ವಾರದಲ್ಲಿ ಸತ್ಯ ಹೊರಬಿದ್ದಾಗ ಅವರಿಗೆ ಬಂದ ಸಿಟ್ಟು ತಡವಾದದ್ದಕ್ಕಲ್ಲ. ಮೊದಲೇ ಹೇಳಿದ್ದರೆ ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದೆ, ಇನ್ನು ಮುಂದೆ ಇವರ ಯಾವ ಮಾತನ್ನು ನಂಬಲಿ ಎಂಬುದು ಆ ಮುಖ್ಯಸ್ಥರ ಕೊರಗಾಗಿತ್ತು.

ನಮ್ಮ ನಾಯಕರು ಸುಳ್ಳು ಹೇಳಲಿಲ್ಲ. ‘ನೋಡೋಣ’, ‘ಮಾಡೋಣ ಬಿಡಿ’, ‘ಆಯ್ತು ಸಾರ್’ ಎನ್ನುವಾಗ ನಾವು ಎದುರಿನವರ ಮುಖ ಉಳಿಸುತ್ತೇವೆ, ಸಂಬಂಧ ಉಳಿಸುತ್ತೇವೆ. ಕೇಳುವವರಿಗೂ ಈ ರೀತಿ ಗೊತ್ತಿರುವುದರಿಂದ ನಮ್ಮ ಊರಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ದನಿ ತಗ್ಗಿದ್ದರಿಂದ, ಉತ್ತರಕ್ಕೆ ಮೊದಲು ತುಸು ತಡೆದದ್ದರಿಂದ, ತಲೆ ಆಡಿದ ಬಗೆಯಿಂದ ನಾವು ‘ಇಲ್ಲ’ವನ್ನು ಓದಿಕೊಳ್ಳುತ್ತೇವೆ. ಜರ್ಮನಿಯ ಕಚೇರಿಯಲ್ಲಿ ಹೀಗೆ ಓದುವ ರೂಢಿ ಇಲ್ಲ. ಅಲ್ಲಿ ಬಾಯಿಂದ ಬಂದ ಪದವೇ ಎಲ್ಲ ಭಾರವನ್ನೂ ಹೊರುತ್ತದೆ. ‘ಹೂಂ’ ಎಂದರೆ ನಮಗೆ ‘ಕೇಳಿಸಿತು’ ಎಂದೂ ಆಗಬಹುದು. ಅವರಿಗೆ ಅದು ‘ಮಾಡುತ್ತೇನೆ’ ಎಂಬ ವಚನ.

ಆದ್ದರಿಂದ ನಿಮ್ಮಲ್ಲಿ ನನ್ನ ಮೊದಲ ಬೇಡಿಕೆ: ಆಗದ್ದನ್ನು ಆಗುವುದಿಲ್ಲ ಎಂದು ಹೇಳಿ, ಬೇಗ ಹೇಳಿ, ಬರವಣಿಗೆಯಲ್ಲೂ ಹೇಳಿ. ಬರೀ ನಿರಾಕರಣೆ ಬೇಡ. ಏನು ಆಗುವುದಿಲ್ಲ, ಯಾಕೆ ಆಗುವುದಿಲ್ಲ, ಯಾವಾಗ ಆಗುತ್ತದೆ ಎಂದು ಮೂರನ್ನೂ ಒಟ್ಟಿಗೆ ಹೇಳಿದರೆ ಅಲ್ಲಿ ನಿಮ್ಮ ಬೆಲೆ ಏರುತ್ತದೆ. ಕೆಟ್ಟ ಸುದ್ದಿಯನ್ನು ಮೊದಲೇ ತಂದವನನ್ನು ಅವರು ಹೊಣೆಯರಿತವನೆಂದು ಕಾಣುತ್ತಾರೆ. ಕೊನೆಯ ದಿನದವರೆಗೆ ‘ಬಹುಪಾಲು ಮುಗಿದಿದೆ’ ಎನ್ನುತ್ತಾ ಬಂದವನನ್ನು ಮತ್ತೆ ನಂಬಲು ಅವರಿಗೆ ತುಂಬ ಕಾಲ ಬೇಕಾಗುತ್ತದೆ. ಇನ್ನೊಂದು ಮಾತು ಕಿರಿಯರಿಗೆ. ಅಲ್ಲಿ ಪ್ರಶ್ನೆ ಬರುವುದು ಆ ಭಾಗದ ಕೆಲಸ ಮಾಡಿದವರಿಗೆ, ಅವರ ಮೇಲಿನವರಿಗಲ್ಲ. ನಿಮ್ಮನ್ನು ಕೇಳಿದಾಗ ಮ್ಯಾನೇಜರ್ ಮುಖ ನೋಡುತ್ತಾ ಕೂರಬೇಡಿ, ಉತ್ತರಿಸಿ. ಮ್ಯಾನೇಜರುಗಳೇ, ನೀವೂ ಅವರ ಬಾಯಿಂದ ಉತ್ತರ ಕಸಿದುಕೊಳ್ಳಬೇಡಿ.

ಇದರ ಮರುಮುಖವೂ ಉಂಟು. ಅವರು ನಿಮ್ಮ ನಕ್ಷೆಯನ್ನು ನೋಡಿ ಇದು ತಪ್ಪು ಎಂದುಬಿಡುತ್ತಾರೆ. ಪೀಠಿಕೆಯಿಲ್ಲ, ಮುಲಾಮಿಲ್ಲ. ನಮ್ಮವರ ಮುಖ ಸಣ್ಣದಾಗುತ್ತದೆ. ರಾತ್ರಿ ಹೋಟೆಲ್ಲಿಗೆ ಬಂದು ಮನೆಗೆ ಫೋನ್ ಮಾಡಿ ಅವಮಾನವಾಯಿತೆಂದು ಹೇಳಿಕೊಂಡವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ತೆಗೆದುಕೊಳ್ಳಬೇಡಿ. ಅವರು ಅಂದದ್ದು ನಕ್ಷೆಯನ್ನು, ನಿಮ್ಮನ್ನಲ್ಲ. ಅದೇ ಮನುಷ್ಯ ಇನ್ನರ್ಧ ಗಂಟೆಗೆ ನಿಮ್ಮನ್ನು ಊಟಕ್ಕೆ ಕರೆಯುತ್ತಾರೆ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿರುವುದಿಲ್ಲ. ಸ್ಟುಟ್‌ಗಾರ್ಟ್ ಸುತ್ತಲಿನ ಶ್ವಾಬಿಯಾ ಸೀಮೆಯಲ್ಲಂತೂ ಬೈಗುಳ ಬೀಳದಿದ್ದರೆ ಅದೇ ಸಾಕಷ್ಟು ಹೊಗಳಿಕೆ ಎಂಬ ಗಾದೆಯೇ ಇದೆ. ಹೊಗಳಲಿಲ್ಲವೆಂದು ಅಳುಕಬೇಡಿ. ನಿಮ್ಮ ಲೆಕ್ಕ ಸರಿಯೆನಿಸಿದರೆ ನೀವೂ ಅಷ್ಟೇ ನೇರವಾಗಿ ವಾದಿಸಿ. ಅವರಿಗೆ ಅದು ಇಷ್ಟ. ನಿಮ್ಮ ಮಂಡನೆ ಮುಗಿದಾಗ ಕೆಲವರು ಚಪ್ಪಾಳೆಯ ಬದಲು ಬೆರಳ ಗೆಣ್ಣಿನಿಂದ ಮೇಜು ಕುಟ್ಟಬಹುದು. ಅದು ಮೆಚ್ಚುಗೆ.

ಇಂಗ್ಲಿಷ್ ಬರುತ್ತದಲ್ಲ, ಜರ್ಮನ್ ಯಾಕೆ ಎಂದು ನೀವು ಕೇಳುತ್ತೀರಿ. ಸಭೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ನಿಜ. ಸಭೆಯ ನಂತರ ಕಾಫಿ ಯಂತ್ರದ ಬಳಿ ನಡೆಯುವ ಮಾತು ಜರ್ಮನ್‌ನಲ್ಲಿ. ಕಾರ್ಖಾನೆಯ ನೆಲದ ಮೇಲೆ ಮೂವತ್ತು ವರ್ಷ ದುಡಿದ ಮೇಸ್ತ್ರಿಯ ಅನುಭವವೆಲ್ಲ ಜರ್ಮನ್‌ನಲ್ಲಿ. ಬಾಗಿಲ ಮೇಲಿನ ಎಚ್ಚರಿಕೆ, ಯಂತ್ರದ ಪರದೆ, ಹಳ್ಳಿಯೊಂದರಲ್ಲಿ ಕುಳಿತು ಲೋಕಕ್ಕೆಲ್ಲ ಒಂದೇ ಬಗೆಯ ವಾಲ್ವ್ ಮಾಡಿಕೊಡುವ ಸಣ್ಣ ಕುಟುಂಬದ ಕಂಪನಿಯ ಪತ್ರ, ಎಲ್ಲವೂ ಜರ್ಮನ್‌ನಲ್ಲಿ. ಸಭೆಯ ಇಂಗ್ಲಿಷಾದರೂ ನಿಮಗೂ ಪರಭಾಷೆ, ಅವರಿಗೂ ಪರಭಾಷೆ. ಇಬ್ಬರೂ ತಮ್ಮ ತಮ್ಮ ಭಾಷೆಯ ನಡೆಯನ್ನು ಅದರೊಳಗೆ ತುಂಬಿ ಮಾತಾಡುತ್ತಿರುತ್ತೀರಿ. ಅವರ ಇಂಗ್ಲಿಷ್ ಒರಟೆನಿಸುವುದು, ನಿಮ್ಮ ಇಂಗ್ಲಿಷ್ ಜಾರಿಕೊಳ್ಳುವಂತೆ ಅವರಿಗೆ ಕೇಳಿಸುವುದು ಈ ಕಾರಣಕ್ಕೇ. ಅವರ ಭಾಷೆಯ ಬುಡವನ್ನಷ್ಟು ಅರಿತರೆ ಆ ಇಂಗ್ಲಿಷೂ ನಿಮಗೆ ತಿಳಿಯಾಗುತ್ತದೆ.

ಇಂದಿರಾನಗರದ ಮ್ಯಾಕ್ಸ್‌ಮ್ಯುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ. ಎ1ರಿಂದ ಸಿ2ರವರೆಗೆ ಆರು ಹಂತಗಳು. ನಿಮಗೆ ಮೊದಲ ಎರಡು ಹಂತ ಸಾಕು. ಕನ್ನಡ ಬಲ್ಲವರಿಗೆ ಇದರಲ್ಲಿ ಕೆಲವು ಅನುಕೂಲಗಳೂ ಇವೆ. ನೀನು, ನೀವು ಎಂಬ ಭೇದ ನಮಗೆ ಹುಟ್ಟಿನಿಂದ ಬಂದದ್ದು. ಅಲ್ಲಿಯೂ ಹಾಗೆಯೇ, ಆಪ್ತರಿಗೆ ‘ಡೂ’, ಗೌರವಕ್ಕೆ ‘ಝೀ’. ಜರ್ಮನ್‌ನ ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನವರಿಗೆ ಇದು ತಲೆನೋವು. ವಾಕ್ಯದ ತುದಿಯವರೆಗೆ ಕಾಯುವುದು ನಮಗೆ ಅಭ್ಯಾಸವಾಗಿಹೋಗಿದೆ. ಪದಕ್ಕೆ ಪದ ಕೂಡಿಸಿ ಉದ್ದನೆಯ ಸಮಾಸ ಮಾಡುವುದೂ ನಮಗೆ ಹೊಸತಲ್ಲ. ಕನ್ನಡವನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಇಂಗ್ಲಿಷಿನವರಾಗಿ ಜರ್ಮನ್ ಕಲಿಯಲು ಹೋಗಬೇಡಿ. ಕನ್ನಡದ ಮೂಲಕವೇ ಕಲಿಯಿರಿ.

ಭಾಷೆ ಕಲಿಯುವ ವಿಷಯದಲ್ಲಿ ಆ ಸೀಮೆಯ ಋಣ ನಮ್ಮ ಮೇಲಿದೆ. ಹರ್ಮನ್ ಮೋಗ್ಲಿಂಗ್ 1811ರಲ್ಲಿ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. 1836ರಲ್ಲಿ ಮಂಗಳೂರಿಗೆ ಬಂದ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು, 1881ರಲ್ಲಿ ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು. ಎಸ್ಲಿಂಗೆನ್ ಈಗ ನಿಮ್ಮಲ್ಲಿ ಹಲವರು ಲೋಕಲ್ ರೈಲಿನಲ್ಲಿ ಹಾದುಹೋಗುವ ಊರು. ಫರ್ಡಿನಾಂಡ್ ಕಿಟ್ಟೆಲ್ ಉತ್ತರ ಜರ್ಮನಿಯ ಕಡಲ ತೀರದವರು. 1853ರಲ್ಲಿ ನಮ್ಮ ನಾಡಿಗೆ ಬಂದು, ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ, ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಮುಗಿಸಿಕೊಟ್ಟರು. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ, ಅವರು 1903ರಲ್ಲಿ ಕಣ್ಮುಚ್ಚಿದ್ದೂ ಟ್ಯೂಬಿಂಗೆನ್‌ನಲ್ಲೇ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಇವರಿಬ್ಬರನ್ನೂ ಇಲ್ಲಿಗೆ ಕಳಿಸಿದ್ದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ. ನಿಮ್ಮಂತೆ ಯಂತ್ರದ ಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಕೂಡ ಅದೇ ಮಿಷನ್ನಿನವರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಅವರು ತೆರೆದ ಕಾರ್ಖಾನೆಯಿಂದಲೇ ಮಂಗಳೂರು ಹೆಂಚು ಹುಟ್ಟಿತು.

ಇವರೆಲ್ಲ ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚಬೇಕಿಲ್ಲ, ಆ ಉದ್ದೇಶವನ್ನು ಒಪ್ಪದವರೂ ಅವರ ಕನ್ನಡದ ದುಡಿಮೆಗೆ ತಲೆಬಾಗಿದ್ದಾರೆ. ನಾನು ಹೇಳುವುದಿಷ್ಟೆ: ಅವರು ನಮ್ಮ ಜೊತೆ ಯಾವುದೋ ಮೂರನೆಯ ಭಾಷೆಯಲ್ಲಿ ವ್ಯವಹರಿಸಿ ಹೋಗಲಿಲ್ಲ. ನಿಘಂಟು ಇಲ್ಲದಿದ್ದರೆ ನಿಘಂಟನ್ನೇ ಕಟ್ಟಿಕೊಂಡರು. ನಿಮಗೆ ನಿಘಂಟು, ತರಗತಿ, ಫೋನಿನಲ್ಲಿ ಪಾಠ, ಎಲ್ಲವೂ ಸಿದ್ಧವಾಗಿವೆ. ಸ್ಟುಟ್‌ಗಾರ್ಟ್‌ನಲ್ಲಿ 1886ರಲ್ಲಿ ಶುರುವಾದ ಬಾಷ್ ಕಂಪನಿ 1950ರ ದಶಕದಿಂದ ಬೆಂಗಳೂರಿನಲ್ಲಿದೆ. ಅದರ ಇಲ್ಲಿನ ಹಳೆಯ ಹೆಸರು ಮೈಕೋ ನಮ್ಮ ಬಡಾವಣೆಯೊಂದರ ಹೆಸರಾಗಿ ಉಳಿದಿದೆ. ಇಷ್ಟು ಹಳೆಯ ನಂಟಿರುವಾಗ ಅಲ್ಲಿಗೆ ಹೋದ ನಾವು ಅವರ ಭಾಷೆಯಲ್ಲಿ ನಮಸ್ಕಾರವನ್ನೂ ಹೇಳದೆ ಮರಳಿದರೆ ನನಗೆ ಸಂಕಟವಾಗುತ್ತದೆ.

ತರಗತಿಯಲ್ಲಿ ಕಲಿತದ್ದು ಅಲ್ಲಿಗೆ ಹೋದ ಮೇಲೆ ಕೇಳಿಸದಿದ್ದರೆ ಗಾಬರಿಯಾಗಬೇಡಿ. ಸ್ಟುಟ್‌ಗಾರ್ಟ್‌ನವರು ಆಡುವುದು ಶ್ವೇಬಿಷ್. ನಮಗೆ ಎಲ್ಲ ಬರುತ್ತದೆ, ಗ್ರಂಥಸ್ಥ ಜರ್ಮನ್ ಒಂದನ್ನು ಬಿಟ್ಟು ಎಂಬ ಅರ್ಥದ ಘೋಷಣೆಯನ್ನು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ ತನ್ನ ಪ್ರಚಾರಕ್ಕೇ ಬಳಸಿತು. ಈ ಆಡುಭಾಷೆ ಕೆಲಸದಲ್ಲೂ ಅಡ್ಡ ಬರುತ್ತದೆ. ‘ಹೇಬೆನ್’ ಎಂದರೆ ಪುಸ್ತಕದಲ್ಲಿ ಎತ್ತು. ಶ್ವಾಬಿಯಾದ ಮೇಸ್ತ್ರಿಯ ಬಾಯಲ್ಲಿ ಹಿಡಿದುಕೋ. ಭಾರದ ಭಾಗವೊಂದರ ಎರಡು ಬದಿಗೆ ಇಬ್ಬರು ನಿಂತಾಗ ಈ ವ್ಯತ್ಯಾಸ ಬೆರಳಿಗೆ ಬೀಳುತ್ತದೆ. ಬೀದರಿನ ಕನ್ನಡ, ಕುಂದಾಪುರದ ಕನ್ನಡ ಕೇಳಿ ಬೆಳೆದ ನಿಮಗೆ ಇದು ಅರ್ಥವಾಗದ ಸಂಗತಿಯಲ್ಲ. ತಿಳಿಯದಿದ್ದರೆ ಮತ್ತೆ ಕೇಳಿ. ಬೆಳಗ್ಗೆ ಎದುರಾದವರಿಗೆ ಆ ಕಡೆಯ ರೂಢಿಯಂತೆ ‘ಗ್ರ್ಯೂಸ್ ಗೊಟ್’ ಎನ್ನಿ, ಮುಖ ಅರಳುತ್ತದೆ.

ಅಂಕಿಗಳ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಿ. ಅವರ ದಶಮಾಂಶ ಚಿಹ್ನೆ ಅಲ್ಪವಿರಾಮ, ಸಾವಿರವನ್ನು ಬೇರ್ಪಡಿಸುವುದು ಚುಕ್ಕಿ. ಅವರ ಕಾಗದದ ಮೇಲೆ 1.250 ಎಂದಿದ್ದರೆ ಸಾವಿರದ ಇನ್ನೂರೈವತ್ತು. 1,25 ಎಂದಿದ್ದರೆ ಒಂದೂಕಾಲು. ನಮ್ಮ ಲಕ್ಷ, ಕೋಟಿ ಅವರಿಗೆ ತಿಳಿಯದು. 10,00,000 ಎಂದು ಬರೆದರೆ ಟೈಪಿಂಗ್ ತಪ್ಪೆಂದುಕೊಳ್ಳುತ್ತಾರೆ. ಬಾಯಲ್ಲಿ ಹೇಳುವಾಗ ಇಪ್ಪತ್ತೊಂದಕ್ಕೆ ಮೊದಲು ಒಂದು, ಆಮೇಲೆ ಇಪ್ಪತ್ತು. ಫೋನಿನಲ್ಲಿ ಸಂಖ್ಯೆ ಬರೆದುಕೊಳ್ಳುವವರು ತಿರುಗಿ ಓದಿ ಹೇಳಿ. ‘ಹಾಲ್ಬ್ ದ್ರೈ’ ಎಂದರೆ ಎರಡೂವರೆ. ದ್ರೈ ಎಂದರೆ ಮೂರು ಎಂದಷ್ಟೇ ಗೊತ್ತಿದ್ದವರು ಮೂರೂವರೆಗೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾರೆ. ಕೆಲಸದ ಯೋಜನೆಯನ್ನು ಅವರು ವಾರದ ಸಂಖ್ಯೆಯಲ್ಲಿ ಹಾಕುತ್ತಾರೆ. ವಾರ ಸೋಮವಾರಕ್ಕೆ ಶುರು. ಜನವರಿ 4 ಇರುವ ವಾರವೇ ವರ್ಷದ ಮೊದಲ ವಾರ. ನಿಮ್ಮ ಕ್ಯಾಲೆಂಡರಿನಲ್ಲೂ ವಾರದ ಸಂಖ್ಯೆ ಕಾಣುವಂತೆ ಮಾಡಿಕೊಂಡೇ ಹೊರಡಿ.

ಹೆಸರಿನದು ನಮ್ಮದೇ ತೊಡಕು. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರಿಲ್ಲ. ಇನಿಷಿಯಲ್ ಬಿಡಿಸಿದರೆ ಊರಿನ ಹೆಸರು, ಅಪ್ಪನ ಹೆಸರು. ಅಲ್ಲಿ ಪಾಸ್‌ಪೋರ್ಟಿನ ಕೊನೆಯ ಹೆಸರಿನಿಂದಲೇ ಕರೆಯುವುದರಿಂದ ದಿನವಿಡೀ ನಿಮ್ಮನ್ನು ಅಪ್ಪನ ಹೆಸರಿನಿಂದಲೋ ಊರಿನ ಹೆಸರಿನಿಂದಲೋ ಕೂಗುತ್ತಾರೆ. ಪರಿಚಯದ ಹೊತ್ತಿನಲ್ಲೇ ಹೀಗೆ ಕರೆಯಿರಿ ಎಂದು ಹೇಳಿಬಿಡಿ. ಅವರನ್ನು ನೀವು ‘ಹೆರ್’ ಅಥವಾ ‘ಫ್ರಾವ್’ ಸೇರಿಸಿ ಮನೆತನದ ಹೆಸರಿನಿಂದ ಕರೆಯಿರಿ. ಮದುವೆಯಾಗಿರಲಿ ಬಿಡಲಿ ಎಲ್ಲ ಹೆಂಗಸರೂ ‘ಫ್ರಾವ್’. ಈಗ ಎಷ್ಟೋ ಕಚೇರಿಗಳಲ್ಲಿ ಎಲ್ಲರೂ ಎಲ್ಲರಿಗೂ ‘ಡೂ’ ಎನ್ನುತ್ತಾರೆ, ಆದರೆ ಆ ಸಲುಗೆಯನ್ನು ಮೊದಲು ಕೊಡಬೇಕಾದವರು ಹಿರಿಯರು. ಮದುವೆಯಾಯಿತೇ, ಮಕ್ಕಳೆಷ್ಟು, ಸಂಬಳವೆಷ್ಟು ಎಂಬ ಪ್ರಶ್ನೆಗಳು ನಮ್ಮಲ್ಲಿ ಅಕ್ಕರೆ. ಅಲ್ಲಿ ಅವರಾಗಿ ಹೇಳುವವರೆಗೆ ಕೇಳಬೇಡಿ.

ಹೊತ್ತಿನ ವಿಷಯದಲ್ಲಿ, ತಡವಾಗಿ ಹೋಗಬೇಡಿ ಎಂಬುದನ್ನು ನಿಮಗೆ ಎಲ್ಲರೂ ಹೇಳುತ್ತಾರೆ. ಬೇಗ ಹೊರಡಿ ಎಂಬುದನ್ನು ಯಾರೂ ಹೇಳುವುದಿಲ್ಲ. ರಾತ್ರಿ ಒಂಬತ್ತರವರೆಗೆ ಕುಳಿತವನು ನಮ್ಮಲ್ಲಿ ಶ್ರಮಜೀವಿ. ಅಲ್ಲಿ, ಇವನಿಗೆ ಕೆಲಸ ಹಂಚಿಕೊಳ್ಳಲು ಬರುವುದಿಲ್ಲವೇನೋ ಎಂಬ ಅನುಮಾನ. ದಿನಕ್ಕೆ ಎಂಟು ಗಂಟೆ, ಹೆಚ್ಚೆಂದರೆ ಹತ್ತು. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಹನ್ನೊಂದು ಗಂಟೆ ಬಿಡುವು. ಇದು ಅಲ್ಲಿನ ಕಾನೂನು. ಅದನ್ನು ಕಾಯಲು ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ನೌಕರರೇ ಆರಿಸಿದ ಮಂಡಳಿ ಇರುತ್ತದೆ. ದಿನದ ದುಡಿಮೆ ಮುಗಿದ ಹೊತ್ತಿಗೆ ಅವರಲ್ಲಿ ‘ಫೈಯರ್‌ಆಬೆಂಡ್’ ಎಂಬ ಹೆಸರಿದೆ, ಆ ಹೊತ್ತಿಗೊಂದು ಮರ್ಯಾದೆಯಿದೆ. ಬೆಂಗಳೂರಿಗೂ ಅಲ್ಲಿಗೂ ಬೇಸಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ. ಆಗಸ್ಟ್ ಪೂರ್ತಿ ಅಲ್ಲಿ ಶಾಲೆಗಳಿಗೆ ರಜೆ, ಅರ್ಧ ಕಚೇರಿ ಖಾಲಿ. ಮುಖ್ಯ ತೀರ್ಮಾನಗಳನ್ನು ಆ ತಿಂಗಳಿಗೆ ಇಟ್ಟುಕೊಳ್ಳಬೇಡಿ. ನವೆಂಬರ್ 1 ನಮಗೆ ರಾಜ್ಯೋತ್ಸವ, ಅಲ್ಲಿ ಸಕಲ ಸಂತರ ದಿನ. ಎರಡೂ ಕಡೆ ರಜೆಯೇ, ಆದರೆ ಅವರು ಅಂದು ತಮ್ಮವರ ಸಮಾಧಿಗೆ ಹೋಗಿ ದೀಪ ಹಚ್ಚುತ್ತಾರೆ. ನಮ್ಮ ಹಾಡು, ಡೊಳ್ಳುಗಳನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಂಡರೆ ಅವರನ್ನೂ ಕರೆಯಬಹುದು.

ಪೀಣ್ಯದ ಗೆಳೆಯರೇ, ನಿಮಗೆ ಪ್ರತ್ಯೇಕವಾಗಿ ಎರಡು ಮಾತು. ಹ್ಯಾನೋವರ್‌ನ ಇಎಂಒ ಆಗಲಿ ಸ್ಟುಟ್‌ಗಾರ್ಟ್‌ನ ಎಎಂಬಿ ಆಗಲಿ, ಮೇಳಕ್ಕೆ ಹೋಗುವ ಮೊದಲೇ ಪತ್ರ ಬರೆದು ಭೇಟಿಯ ಹೊತ್ತು ಗೊತ್ತುಮಾಡಿಕೊಳ್ಳಿ. ಯಾವ ಭಾಗ, ಯಾವ ಲೋಹ, ಎಷ್ಟು ಸೂಕ್ಷ್ಮತೆ, ತಿಂಗಳಿಗೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. ‘ಕೊನೆಯ ರೇಟ್ ಹೇಳಿ’ ಎಂದು ಮಾತು ಶುರುಮಾಡಿದರೆ ಅವರು ಮುದುರಿಕೊಳ್ಳುತ್ತಾರೆ. ಬೆಲೆಯನ್ನು ಅರ್ಧಕ್ಕೆ ಇಳಿಸಬಹುದಾದರೆ ಮೊದಲು ಹೇಳಿದ ಬೆಲೆ ಮೋಸವಾಗಿತ್ತೇ ಎಂಬುದು ಅವರ ತರ್ಕ. ಬೇಗ ಹಣ ಕಟ್ಟಿದರೆ ಸಿಗುವ ‘ಸ್ಕೊಂಟೊ’ ರಿಯಾಯಿತಿ ಕೇಳಿ. ಬಿಡಿಭಾಗ, ತರಬೇತಿ, ಬೆಂಗಳೂರಿನಲ್ಲಿ ದುರಸ್ತಿಗೆ ಯಾರು ಬರುತ್ತಾರೆ ಎಂಬುದನ್ನು ಕೇಳಿ. ಅಂಥವುಗಳಲ್ಲಿ ಅವರು ಧಾರಾಳಿಗಳು.

ಬಾಡಿಗೆ ಮನೆಯಲ್ಲಿ ಉಳಿಯುವವರು ಭಾನುವಾರವನ್ನು ನೆನಪಿಡಿ. ಅಂದು ಅಂಗಡಿಗಳು ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯಬಾರದು, ಬಾಟಲಿಗಳನ್ನು ತೊಟ್ಟಿಗೆ ಹಾಕುವ ಸದ್ದೂ ಕೂಡದು. ಚಟ್ನಿಯ ಮಿಕ್ಸಿಯನ್ನು ಶನಿವಾರವೇ ತಿರುಗಿಸಿಕೊಳ್ಳಿ. ಶ್ವಾಬಿಯಾದಲ್ಲಿ ‘ಕೇರ್‌ವೊಖೆ’ ಎಂಬ ಪದ್ಧತಿಯಿದೆ: ಮೆಟ್ಟಿಲು, ಅಂಗಳ ಗುಡಿಸುವ ಸರದಿ ವಾರಕ್ಕೊಂದು ಮನೆಯದು. ನಿಮ್ಮ ಬಾಗಿಲಿಗೆ ಆ ಸರದಿಯ ಫಲಕ ನೇತುಹಾಕಿದ್ದರೆ ಕಾಟವೆನ್ನಬೇಡಿ, ಪೊರಕೆ ಹಿಡಿಯಿರಿ. ನೆರೆಯವರ ಗೆಳೆತನ ಅಲ್ಲಿಂದಲೇ ಶುರು. ಊಟದಲ್ಲಿ ಮೌಲ್ಟಾಷೆನ್‌ನ ಒಳಗೆ ಸಾಮಾನ್ಯವಾಗಿ ಮಾಂಸವಿರುತ್ತದೆ. ಚೀಸ್ ಬೆರೆಸಿದ ಕೇಸ್‌ಷ್ಪೆಟ್ಸ್ಲೆಯಲ್ಲಿ ಮಾಂಸವಿಲ್ಲ, ಮೊಟ್ಟೆಯಿದೆ. ನೀವು ಏನು ತಿನ್ನುವುದಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ಬಡಿಸಿದ ಮೇಲೆ ತಟ್ಟೆಯನ್ನು ಸರಿಸುವುದಕ್ಕಿಂತ ಅದೇ ಮೇಲು.

ಇನ್ನು ಹೇಳಲಿರುವುದು ಈ ಪತ್ರದ ಅತಿ ಗಂಭೀರ ವಿಷಯ. ನಮ್ಮ ಆಯುಧಪೂಜೆಯಲ್ಲಿ ಯಂತ್ರಕ್ಕೆ ಕುಂಕುಮದಲ್ಲಿ ಸ್ವಸ್ತಿಕ ಬರೆಯುತ್ತೇವೆ. ಲ್ಯಾಪ್‌ಟಾಪಿಗೆ, ಪೆಟ್ಟಿಗೆಗೆ ಅಂಟಿಸಿರುತ್ತೇವೆ, ದೀಪಾವಳಿಯ ರಂಗೋಲಿಯಲ್ಲೂ ಬಿಡಿಸುತ್ತೇವೆ. ನಮಗದು ಮಂಗಳ. ಆ ನೆಲದ ನಾಜಿ ಆಳ್ವಿಕೆ ಅದೇ ಆಕಾರದ ಚಿಹ್ನೆಯ ಕೆಳಗೆ ಸುಮಾರು ಅರವತ್ತು ಲಕ್ಷ ಯಹೂದಿಗಳ ಹತ್ಯೆ ಮಾಡಿತು. ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಲ್ಲಿ ಅಪರಾಧ. ನಿಮ್ಮ ಸ್ವಸ್ತಿಕ ಬೇರೆ ಎಂದು ನೀವು ವಿವರಿಸುವ ಹೊತ್ತಿಗೆ ನೋಡಿದವರ ಎದೆಗೆ ಪೆಟ್ಟು ಬಿದ್ದಾಗಿರುತ್ತದೆ. ಮನೆಯೊಳಗಿನ ದೇವರ ಮುಂದೆ ನಿಮ್ಮ ಭಕ್ತಿ ನಿಮ್ಮದು. ಕಚೇರಿಯಲ್ಲಿ, ಕಾರಿನ ಮೇಲೆ, ಬಾಗಿಲ ಹೊರಗೆ ಅದು ಬೇಡ. ಅಲ್ಲಿ ಹೂವಿಟ್ಟು ಓಂಕಾರ ಬರೆಯಿರಿ. ಹಿಟ್ಲರನ ಶಿಸ್ತು, ಹಿಟ್ಲರನ ದೇಶಪ್ರೇಮ ಎಂದು ನಮ್ಮಲ್ಲಿ ಕೆಲವರು ಹಗುರವಾಗಿ ಆಡುವ ಮಾತನ್ನು ಅಲ್ಲಿ ಮಾತ್ರವಲ್ಲ, ಎಲ್ಲಿಯೂ ಆಡಬೇಡಿ. ಸ್ಟುಟ್‌ಗಾರ್ಟ್‌ನ ಬೀದಿಗಳಲ್ಲಿ ನಡೆಯುವಾಗ ಕಾಲಕೆಳಗೆ ಅಂಗೈಯಗಲದ ಹಿತ್ತಾಳೆಯ ಫಲಕಗಳು ಕಾಣುತ್ತವೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು 1990ರ ದಶಕದಲ್ಲಿ ಆರಂಭಿಸಿದ ಕೆಲಸ ಅದು. ಆ ಮನೆಯಿಂದ ಯಾರನ್ನು ಎಳೆದೊಯ್ದರು, ಎಲ್ಲಿ ಕೊಂದರು ಎಂಬುದು ಅದರ ಮೇಲಿದೆ. ಬಗ್ಗಿ ಒಂದನ್ನಾದರೂ ಓದಿ. ನಿಮ್ಮ ಸಹೋದ್ಯೋಗಿಗಳು ಆದೇಶಕ್ಕಿಂತ ನಿಯಮವನ್ನು, ನಾಯಕನ ಮಾತಿಗಿಂತ ಬರೆದ ದಾಖಲೆಯನ್ನು ಹೆಚ್ಚು ನಂಬುವುದೇಕೆ ಎಂದು ಯೋಚಿಸುವಾಗ ಆ ಚರಿತ್ರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬದಲಾಗಬೇಕಾದವರು ನಾವಷ್ಟೇ ಎಂದು ನಾನು ಹೇಳುತ್ತಿಲ್ಲ. ಅವರಿಗೂ ನಮ್ಮ ರೀತಿಯನ್ನು ತಿಳಿಸಿ. ‘ಆಗುತ್ತದೆಯೇ?’ ಎಂದು ಕೇಳಿದರೆ ನಮ್ಮವರಿಂದ ‘ಹೂಂ’ ಎಂಬ ಉತ್ತರವೇ ಬರುತ್ತದೆ, ‘ಇದಕ್ಕೆ ಏನೇನು ಬೇಕು, ಏನು ಅಡ್ಡಿಯಿದೆ?’ ಎಂದು ಕೇಳಿ ಎಂದು ಅವರಿಗೆ ಹೇಳಿ. ನಾನು ಇದನ್ನು ಹೇಳಿದಾಗಲೆಲ್ಲ ಅವರು ಬರೆದುಕೊಂಡಿದ್ದಾರೆ. ತಲೆಯಾಡಿಸುವುದರ ಬಗೆಗಳನ್ನು ತೋರಿಸಿ. ಎಲ್ಲರೆದುರು ಅಂದ ಮಾತು ನಮ್ಮಲ್ಲಿ ಯಾಕೆ ನಾಟುತ್ತದೆ ಎಂದು ವಿವರಿಸಿ. ಬೆಂಗಳೂರಿಗೆ ಬರುವ ಜರ್ಮನ್ನರಿಗೆ ನಾಲ್ಕು ಕನ್ನಡ ವಾಕ್ಯ ಕಲಿಸಿ. ಕಲಿಯಲು ಅವರು ಹಿಂಜರಿಯುವವರಲ್ಲ ಎಂಬುದಕ್ಕೆ ಕಿಟ್ಟೆಲ್ ಅವರೇ ಸಾಕ್ಷಿ.

ಈಗ ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಟಿಕೆಟ್ ಬರುವ ಮೊದಲೇ ಎ1 ತರಗತಿಗೆ ಹೆಸರು ಕೊಡಿ. ಆ ಶುಲ್ಕ ಕಟ್ಟುವಂತೆ, ಓದಲು ಹೊತ್ತು ಬಿಡುವಂತೆ ನಿಮ್ಮ ಕಂಪನಿಯನ್ನು ಒತ್ತಾಯಿಸಿ. ವಿಮಾನಕ್ಕೆ, ಹೋಟೆಲ್ಲಿಗೆ ಲಕ್ಷಗಟ್ಟಲೆ ಸುರಿಯುವವರು ಭಾಷೆಗೆ ಕೆಲವು ಸಾವಿರ ಕೊಡಲು ಹಿಂದೆಗೆದರೆ ಕೇಳುವ ಹಕ್ಕು ನಿಮಗಿದೆ. ಹೋಗಿ ಬಂದವರು ಕಲಿತದ್ದನ್ನು ಬರೆದಿಟ್ಟು ಮುಂದೆ ಹೋಗುವವರ ಕೈಗೆ ಕೊಡಿ. ಅಲ್ಲಿನ ಮೊದಲ ಸಭೆಯಲ್ಲೇ, ನಿಮಗೆ ಆಗದ ಕೆಲಸವೊಂದು ಎದುರಾದರೆ, ತಲೆಯೆತ್ತಿ ಆಗುವುದಿಲ್ಲ ಎನ್ನಿ, ಕಾರಣ ಹೇಳಿ, ದಿನ ಹೇಳಿ. ಆಮೇಲೆ ಆ ದಿನಕ್ಕೆ ಸರಿಯಾಗಿ ಮುಗಿಸಿಕೊಡಿ. ಮುಂದಿನ ಸಲ ನೀವು ‘ಆಗುತ್ತದೆ’ ಎಂದರೆ ಅವರು ಎರಡನೆಯ ಸಲ ಕೇಳುವುದಿಲ್ಲ. ನಿಮ್ಮ ಹಿಂದೆ ಬರುವ ಕನ್ನಡಿಗರ ಮಾತಿಗೂ ಅದೇ ಬೆಲೆ ಸಿಗುತ್ತದೆ.

ಪ್ರಯಾಣ ಸುಖಕರವಾಗಲಿ.

ನಿಮ್ಮ ವಿಶ್ವಾಸಿ,
ನಿಮ್ಮ ಸಭೆಗಳಲ್ಲಿ ಕುಳಿತ ಒಬ್ಬ ದುಭಾಷಿ